ಚುಚ್ಚದ ತೋಳಿಗೆ ಹತ್ತಿ

ಆಂಧ್ರದ ಗಡಿಯ ಹಿಂದೂಪುರದ ಪಿ.ಜಿ. ಕಾಲೇಜಿನಲ್ಲಿ ರಕ್ತದಾನ ಶಿಬಿರ ನಡೆದ ದಿನ ರಕ್ತಕ್ಕಿಂತ ಹೆಚ್ಚಾಗಿ ಹರಿದದ್ದು ಮಾವಿನಹಣ್ಣಿನ ಜ್ಯೂಸು. ವ್ಯಾನು ಬರುವ ಮೊದಲೇ ಜ್ಯೂಸಿನ ಡಬ್ಬಗಳು ಖಾಲಿಯಾಗತೊಡಗಿದ್ದವು. ಕೊಟ್ಟ ಮೇಲೆ ಕುಡಿಯಬೇಕಾದ್ದನ್ನು ಕೊಡುವ ಮೊದಲೇ ಕುಡಿದರೆ ಧೈರ್ಯ ಬರುತ್ತದೆ ಎಂದು ಎಂ.ಕಾಂ. ಹುಡುಗರು ತೀರ್ಮಾನಿಸಿದ್ದರು. ಅವರಿಗೆ ಧೈರ್ಯ ಬಂತೋ ಇಲ್ಲವೋ, ಡಬ್ಬ ಹೆಕ್ಕುವ ಕೆಲಸವಂತೂ ಅನಿತಾಳ ಪಾಲಿಗೆ ಬಂತು.

ಅನಿತಾ ಬ್ರಹ್ಮಸಮುದ್ರದ ಕಡೆಯ ಹಳ್ಳಿಯೊಂದರ ಎಸ್ಸಿ ಕಾಲನಿಯವಳು. ಕೂಲಿ ಮಾಡುವ ಗಂಗುಲಮ್ಮನ ಒಬ್ಬಳೇ ಮಗಳು. ಎಂ.ಕಾಂ. ಮೊದಲ ವರ್ಷ, ವಾಸ ಸರ್ಕಾರಿ ಹಾಸ್ಟೆಲಿನಲ್ಲಿ. ಹಿಂದಿನ ಸಂಜೆ ಸೆಮಿನಾರ್ ಹಾಲನ್ನು ಗುಡಿಸಿ ಒರೆಸಿದವರು, ಹಾಸ್ಟೆಲಿನಿಂದ ಕಬ್ಬಿಣದ ಮಂಚಗಳನ್ನು ಹೊತ್ತು ತಂದವರು ಹಾಸ್ಟೆಲಿನ ಹುಡುಗಿಯರೇ. "ನಿಮಗಾದ್ರೆ ಕೆಲಸ ಮಾಡಿ ಅಭ್ಯಾಸ ಇರುತ್ತೆ" ಎಂದಿದ್ದರು ಪದ್ಮಲತಾ ಮೇಡಂ. ಕಾಲೇಜಿನ ಸೇವಾ ಘಟಕ ಅವರ ಕೈಯಲ್ಲಿತ್ತು. ಹೊಗಳುತ್ತಿದ್ದೇನೆ ಎಂದುಕೊಂಡೇ ಅವರು ಆ ಮಾತು ಹೇಳಿದ್ದರು.

ಮೇಡಂ ಪಿಎಚ್.ಡಿ. ಮಾಡುತ್ತಿದ್ದರು. ರಕ್ತದಾನದ ಬಗ್ಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮನೋಭಾವ ಎಂಬುದು ವಿಷಯ. ಶಿಬಿರಕ್ಕೆ ಮೊದಲು ಕ್ಲಾಸು ಕ್ಲಾಸಿಗೂ ಬಂದು ಪ್ರಶ್ನೆ ಹಂಚಿ ಉತ್ತರ ಬರೆಸಿಕೊಂಡಿದ್ದರು. ರಕ್ತದಾನ ಒಳ್ಳೆಯದೇ? ಎಲ್ಲರೂ ಹೌದು ಎಂದರು. ಜಾತಿ ನೋಡದೆ ಕೊಡುತ್ತೀರಾ? ಅದಕ್ಕೂ ಹೌದು, ಕೆಲವರು ಹೌದು ಎಂಬುದರ ಕೆಳಗೆ ಎರಡೆರಡು ಗೆರೆ ಎಳೆದರು. ಕೊಡದಿರಲು ಕಾರಣವೇನು ಎಂಬ ಪ್ರಶ್ನೆಗೆ ಮೂರು ಉತ್ತರ ಅಚ್ಚಾಗಿದ್ದವು: ಭಯ, ಅಜ್ಞಾನ, ಮೂಢನಂಬಿಕೆ. ಅನಿತಾಳ ಇಡೀ ಕ್ಲಾಸಿನಲ್ಲಿ ಭಯದ ಮುಂದೆ ಗುರುತು ಹಾಕಿದವನು ದಯಾನಂದ್ ಒಬ್ಬನೇ. ಅವನು ಹಿಂದೂಪುರದ ಮಗ್ಗದವರ ಮನೆಯ ಹುಡುಗ. ಮೇಡಂ ಅದನ್ನು ಎಲ್ಲರ ಮುಂದೆ ಓದಿ ಹೇಳಿದರು. ಕ್ಲಾಸು ನಕ್ಕಿತು. ಅಂದಿನಿಂದ ಅವನ ಹೆಸರು ಪುಕ್ಕಲ ಎಂದಾಯಿತು.

ಶಿಬಿರದ ದಿನ ಸಾಲಿನಲ್ಲಿ ಮೊದಲು ನಿಂತವಳು ಅನಿತಾ. ವ್ಯಾನಿನ ಟೆಕ್ನೀಷಿಯನ್ ಬೆರಳಿಗೆ ಚುಚ್ಚಿ ಒಂದು ಹನಿ ತೆಗೆದು ನೋಡಿ ತಲೆಯಾಡಿಸಿದ.

"ರಕ್ತ ಸಾಲ್ದು ಕಣಮ್ಮ. ನಿನ್ ಕೈಲಿ ತಗೊಂಡ್ರೆ ಆಮ್ಯಾಕೆ ನಿಂಗೇ ಹಾಕ್ಬೇಕಾಯ್ತದೆ. ಏನ್ ತಿಂತೀಯಾ?"

ಏನು ತಿನ್ನುತ್ತಾಳೆ! ಹಾಸ್ಟೆಲಿನ ಸಾಂಬಾರಿನಲ್ಲಿ ಬೇಳೆಯನ್ನು ಹುಡುಕಿ ತೆಗೆಯಬೇಕು. ಮೊಟ್ಟೆಯ ದಿನ ಮೊಟ್ಟೆ ಅಡುಗೆಮನೆಯವರೆಗೆ ಬರುತ್ತದೆ, ತಟ್ಟೆಯವರೆಗೆ ಬರುವುದಿಲ್ಲ. ಅದೇ ಊಟದ ಕೋಣೆಯ ಗೋಡೆಗೆ ಮೇಡಂ ಅಂಟಿಸಿದ್ದ ಪೋಸ್ಟರಿನಲ್ಲಿ, ರಕ್ತದಾನಿಗಳು ಸೊಪ್ಪು, ಹಣ್ಣು, ಮೊಟ್ಟೆ, ಮಾಂಸ ಧಾರಾಳವಾಗಿ ತಿನ್ನಬೇಕು ಎಂದಿತ್ತು. ಹುಡುಗಿಯರು ಪೋಸ್ಟರು ನೋಡಿಕೊಂಡು ನೀರನ್ನ ತಿನ್ನುತ್ತಿದ್ದರು.

"ಕೊಡೋಕಾಗಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡ. ಸೇವೆ ಮಾಡು" ಎಂದು ಮೇಡಂ ಅವಳ ಕೈಗೆ ಹತ್ತಿಯ ಉಂಡೆಗಳ ತಟ್ಟೆ, ಬಿಳಿ ಟೇಪಿನ ಸುರುಳಿ, ಒಂದು ಬಕೆಟ್ಟು ಕೊಟ್ಟರು. ಬಕೆಟ್ಟು ವಾಂತಿ ಮಾಡಿಕೊಳ್ಳುವವರಿಗೆ.

ಆಗ ಬಂದ ಹರಿಕೃಷ್ಣ. ರೊದ್ದಂ ಕಡೆಯ ದೊಡ್ಡ ಹೊಲದವರ ಮಗ, ಎಂ.ಕಾಂ. ಎರಡನೇ ವರ್ಷ, ವಿದ್ಯಾರ್ಥಿಗಳ ಲೀಡರು. ಸಿನಿಮಾ ಹೀರೋನ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟಿಸಿ ಅದರಲ್ಲಿ ಹೀರೋಗಿಂತ ಒಂಚೂರು ಚಿಕ್ಕದಾಗಿ ತನ್ನ ಮುಖ ಹಾಕಿಸಿಕೊಳ್ಳುವ ವಿನಯವಂತ. ಕಾಲೇಜಿನ ಗೇಟಿಗೆ ಅವನು ಕಟ್ಟಿಸಿದ್ದ ಫ್ಲೆಕ್ಸಿನಲ್ಲಿ "ನಾ ರಕ್ತಂ ಮೀ ಕೋಸಂ" ಎಂದು ತೆಲುಗಿನಲ್ಲಿ ಕೆಂಪು ಅಕ್ಷರ ಸುರಿಯುತ್ತಿತ್ತು. ನನ್ನ ರಕ್ತ ನಿಮಗಾಗಿ ಎಂದು. ಮಂಚದ ಮೇಲೆ ಮಲಗಿ ಅಂಗಿಯ ತೋಳು ಮಡಿಸಿದ. ಫೋನು ಹಿಡಿದು ಆರೇಳು ಜನ ಸುತ್ತ ನಿಂತರು. ಟೆಕ್ನೀಷಿಯನ್ ಸೂಜಿಯ ಮುಚ್ಚಳ ತೆಗೆದ. ಲೀಡರು ಸೂಜಿ ನೋಡಿದ.

"ಅಣ್ಣಾ, ಒಂದ್ನಿಮ್ಸ. ಫಸ್ಟು ಫೋಟೊ."

ಫೋಟೊ ಆಯಿತು. ನಗುತ್ತಾ ಒಂದು, ಹೆಬ್ಬೆರಳು ಎತ್ತಿ ಒಂದು. ಆಮೇಲೆ ಎದ್ದು ಕುಳಿತ.

"ಎದೆ ಒಂಥರಾ ಆಯ್ತೈತೆ ಮೇಡಂ. ಬೆಳಿಗ್ಗೆ ತಿಂಡಿ ತಿಂದಿಲ್ಲ ನಾನು."

ಅವನು ಎರಡು ಸಲ ಚಿತ್ರಾನ್ನ ಹಾಕಿಸಿಕೊಂಡು ತಿಂದ ಪೇಪರ್ ತಟ್ಟೆ ಎತ್ತಿದವಳು ಅನಿತಾ. ಮೇಡಂ ಒಂದು ಗಳಿಗೆ ಯೋಚಿಸಿದರು. ವಿಶ್ವವಿದ್ಯಾಲಯಕ್ಕೆ ದಾನಿಗಳ ದೊಡ್ಡ ಸಂಖ್ಯೆ ಹೇಳಿಬಿಟ್ಟಿದ್ದರು. ಲೀಡರೇ ಎದ್ದುಹೋದರೆ ಹಿಂದಿನ ಸಾಲು ಚದುರುತ್ತದೆ.

"ಪರ್ವಾಗಿಲ್ಲ ಬಿಡಪ್ಪ. ಮನಸ್ಸು ಮುಖ್ಯ. ಅನಿತಾ, ಹತ್ತಿ ಅಂಟಿಸು."

"ಎಲ್ಲಿಗೆ ಮೇಡಂ?"

"ಎಲ್ಲಿಗೆ ಅಂತ ಕೇಳ್ತಾಳೆ! ತೋಳಿಗೆ ಕಣಮ್ಮ."

ಅನಿತಾ ಚುಚ್ಚದ ತೋಳಿಗೆ ಹತ್ತಿ ಇಟ್ಟು ಟೇಪು ಅಂಟಿಸಿದಳು. ಲೀಡರು ಆ ತೋಳನ್ನು ಮಡಿಸಿ, ನೋವಾದವನ ಹಾಗೆ ಹಲ್ಲು ಕಚ್ಚಿ, ಸರ್ಟಿಫಿಕೇಟು ಹಿಡಿದು ಹೊರಗೆ ನಡೆದ. ಅವನಿಗೆ ಸಿಕ್ಕ ರಿಯಾಯಿತಿ ಮಿಕ್ಕವರಿಗೂ ಬೇಕಾಯಿತು. ಒಬ್ಬನಿಗೆ ಕ್ರಿಕೆಟ್ ಮ್ಯಾಚು, ಇನ್ನೊಬ್ಬನಿಗೆ ಶನಿವಾರದ ಒಪ್ಪತ್ತು. ಒಬ್ಬಳಿಗೆ ಮದುವೆ ಗೊತ್ತಾಗಿತ್ತು. ರಕ್ತ ಕೊಟ್ಟರೆ ಬಣ್ಣ ಕಪ್ಪಾಗುತ್ತದೆ ಎಂದು ಅವಳ ಅತ್ತೆಯಾಗುವವಳು ಹೇಳಿದ್ದಳು. ಎಲ್ಲರ ಮನಸ್ಸೂ ಮುಖ್ಯವಾಯಿತು. ಎಲ್ಲರ ತೋಳಿಗೂ ಅನಿತಾ ಹತ್ತಿ ಅಂಟಿಸಿದಳು. ಟೇಪು ಮುಗಿದು ಹೊಸ ಸುರುಳಿ ತರಿಸಬೇಕಾಯಿತು. ನಿಜವಾಗಿ ಕೊಟ್ಟವರು ಏಳೆಂಟು ಜನ. ಅವರು ಫೋಟೊಗೂ ನಿಲ್ಲದೆ ಕ್ಲಾಸಿಗೆ ಹೋದರು.

ಬಾಗಿಲಲ್ಲಿ ನಿಂತಿದ್ದ ದಯಾನಂದನನ್ನು ಮೇಡಂ ಕರೆದರು. "ಬಾರಪ್ಪ, ಸುಮ್ನೆ ಮಲಗಿ ಎದ್ದೋಗು."

"ಬ್ಯಾಡ ಮೇಡಂ. ನಂಗೆ ಭಯ ಆಯ್ತದೆ. ಕೊಡ್ದೆ ಇದ್ಮೇಲೆ ಮಲಗೋದ್ ಯಾಕೆ?"

ಹಾಲೆಲ್ಲ ನಕ್ಕಿತು. ಹತ್ತಿ ಅಂಟಿಸಿಕೊಂಡಿದ್ದವರು ಹೆಚ್ಚು ನಕ್ಕರು.

ಆ ಫೋಟೊಗಳು ಇನ್ನೂ ಸ್ಟೇಟಸ್ಸಿನಲ್ಲಿ ಹಳತಾಗಿರಲಿಲ್ಲ, ಕಲ್ಯಾಣದುರ್ಗದಿಂದ ಫೋನು ಬಂತು. ಮಾಡಿದವನು ಅನಿತಾಳ ಸೋದರಮಾವ ಕದಿರಣ್ಣ. ಬೋರ್‌ವೆಲ್ ಲಾರಿಯಲ್ಲಿ ಪೈಪು ಎತ್ತುವ ಕೆಲಸ ಅವನದು.

"ಅನಿತಮ್ಮ, ಗಾಬ್ರಿ ಬೀಳ್ಬ್ಯಾಡ. ನಿಮ್ಮಮ್ಮ ಕಡ್ಲೆಕಾಯಿ ಹೊಲ್ದಾಗೆ ಬಿದ್ಬುಟ್ಲು. ಕಲ್ಯಾಣದುರ್ಗದ ಆಸ್ಪತ್ರೆಗೆ ಸೇರ್ಸಿದೀನಿ. ಗರ್ಭಕೋಶ ತೆಗೀಬೇಕಂತೆ."

"ಏನಾಗಿತ್ತು ಮಾವ?"

"ತಿಂಗಳುಗಟ್ಲೆಯಿಂದ ರಕ್ತ ಹೋಯ್ತಾ ಐತಂತೆ. ಯಾರ್ಗೂ ಬಾಯಿ ಬಿಟ್ಟಿಲ್ಲ. ಬಟ್ಟೆ ಕಟ್ಕೊಂಡು ಕಳೆ ಕೀಳಾಕ್ಕೆ ಹೋಗವ್ಳೆ."

ಗಂಗುಲಮ್ಮ ಬಗ್ಗಿ ಕಳೆ ಕಿತ್ತಳು. ರಕ್ತ ಕಾಲಿಗೆ ಇಳಿಯಿತು. ಬಟ್ಟೆ ತೊಳೆದುಕೊಳ್ಳಲು ಹೊಲದ ಒಡೆಯನ ಬೋರ್‌ವೆಲ್ ತೊಟ್ಟಿಯ ಹತ್ತಿರ ಹೋಗುವಂತಿರಲಿಲ್ಲ. ಅದು ಅವರು ಕುಡಿಯುವ ನೀರು. ಒದ್ದೆ ಬಟ್ಟೆಯಲ್ಲೇ ಸಾಲು ಮುಗಿಸಿದಳು. ಸಾಲು ಬಿಟ್ಟು ಎದ್ದರೆ ನಾಳೆ ಕೂಲಿಗೆ ಕರೆಯುವುದಿಲ್ಲ. ರಜೆಗೆ ಬಂದ ಮಗಳು ಕೇಳಿದ್ದಕ್ಕೆ "ಬಿಸ್ಲು ಕಣಮ್ಮಿ, ಅದ್ಕೇ ಸುಸ್ತು" ಎಂದಿದ್ದಳು. ದಾನ ಎಂದು ಯಾರೂ ಹೆಸರಿಡದ ರಕ್ತ ಅದು. ಕಡಲೆಕಾಯಿ ಸಾಲಿನಲ್ಲಿ ಹೋಯಿತು. ಒಂದು ಫೋಟೊವೂ ಇಲ್ಲ.

ಆಸ್ಪತ್ರೆಯವರು ಎರಡು ಬಾಟಲಿ ಕೇಳಿದ್ದರು. ಯಾವ ಗುಂಪಿನದಾದರೂ ಸರಿ. ಕೊಟ್ಟರೆ ಅದರ ಬದಲಿಗೆ ಗಂಗುಲಮ್ಮನ ಗುಂಪಿನದನ್ನು ತಾವೇ ಹಾಕುತ್ತಾರೆ. ಎರಡೂ ಬಾಟಲಿ ಬರುವವರೆಗೆ ಆಪರೇಷನ್ ಇಲ್ಲ.

"ಒಂದು ನಾನ್ ಕೊಟ್ಟೆ" ಎಂದ ಕದಿರಣ್ಣ. "ಇನ್ನೊಂದಕ್ಕೆ ಕಾಲನಿಯಾಗಿರೋ ಗಂಡಸ್ರನ್ನೆಲ್ಲ ಆಟೋದಾಗೆ ತುಂಬ್ಕೊಂಡ್ ಹೋಗಿದ್ದೆ. ಎಲ್ಲಾರ್ದೂ ನೀರು ನೀರು ಅಂತಾರೆ. ನಿಮ್ ಕಾಲೇಜಾಗೆ ರಕ್ತ ಕೊಡೋರ ಸಂಘಾನೇ ಐತಂತಲ್ಲ. ಒಬ್ಬನ್ನ ಕರ್ಕೊಂಡ್ ಬಾರಮ್ಮ."

ಸಂಘವೇನೋ ಇತ್ತು. ಶಿಬಿರದ ಸರ್ಟಿಫಿಕೇಟು ಪಡೆದವರನ್ನೆಲ್ಲ ಸೇರಿಸಿ ಮೇಡಂ ಫೋನಿನಲ್ಲಿ ಒಂದು ಗುಂಪು ಮಾಡಿದ್ದರು. ಹೆಸರು ಪ್ರಾಣದಾತರು. ಸೇವೆ ಮಾಡಿದವಳೆಂದು ಅನಿತಾಳನ್ನೂ ಸೇರಿಸಿದ್ದರು. ಅನಿತಾ ಅದರಲ್ಲಿ ಬರೆದಳು: ನಮ್ಮಮ್ಮನಿಗೆ ಒಂದು ಬಾಟಲಿ ರಕ್ತ ಬೇಕು, ಯಾವ ಗುಂಪಾದರೂ ಸರಿ, ಕಲ್ಯಾಣದುರ್ಗಕ್ಕೆ ಬರಬೇಕು. ಗಳಿಗೆಯಲ್ಲಿ ಕೈ ಮುಗಿದ ಚಿತ್ರಗಳು ಬಂದವು. ಕೆಂಪು ಹೃದಯಗಳು ಬಂದವು. "ಗೆಟ್ ವೆಲ್ ಸೂನ್ ಆಂಟಿ" ಬಂತು. ಒಬ್ಬ ಒಂದು ದೇವರ ಫೋಟೊ ಹಾಕಿ, ಇದನ್ನು ಹನ್ನೊಂದು ಜನಕ್ಕೆ ಕಳಿಸಿದರೆ ಒಳ್ಳೆಯದಾಗುತ್ತದೆ ಎಂದ. ಬರುತ್ತೇನೆ ಎಂದವರು ಯಾರೂ ಇಲ್ಲ.

ಕ್ಯಾಂಟೀನಿಗೆ ಹೋದಳು. ಹರಿಕೃಷ್ಣ ತನ್ನ ಗುಂಪಿನ ಜೊತೆ ಎಗ್ ಪಫ್ ತಿನ್ನುತ್ತಿದ್ದ.

"ಹರಿಯಣ್ಣ, ನಮ್ಮಮ್ಮಂಗೆ..."

"ನೋಡ್ದೆ ಕಣಮ್ಮ. ಪಾಪಂ. ಯಾವೂರು ನಿಮ್ದು?"

ಹೇಳಿದಳು.

"ಊರಾಗೆ ಯಾವ್ ಕಡೆ?"

ಅದನ್ನೂ ಹೇಳಿದಳು. ಅವನು ಪಫ್ಪಿನ ಪುಡಿ ಝಾಡಿಸಿಕೊಂಡ.

"ಕೊಡ್ತಿದ್ದೆ ಕಣಮ್ಮ, ನಿಜವಾಗ್ಲೂ. ಆದ್ರೆ ಒಂದ್ಸಲ ಕೊಟ್ಮೇಲೆ ಮೂರು ತಿಂಗ್ಳು ಕೊಡಂಗಿಲ್ಲ. ಮೊನ್ನೆ ತಾನೆ ಕೊಟ್ಟಿದೀನಿ, ನೀನೇ ನೋಡಿದೀಯಲ್ಲ."

"ಅಣ್ಣ, ನಿಮ್ ಕೈಗೆ ಹತ್ತಿ ಅಂಟ್ಸಿದ್ದು ನಾನೇ."

ಹರಿಕೃಷ್ಣ ಫೋನು ತೆಗೆದು ಸರ್ಟಿಫಿಕೇಟಿನ ಫೋಟೊ ಅವಳ ಮುಖಕ್ಕೆ ಹಿಡಿದ. "ಇದೇನು ಮತ್ತೆ? ಸುಳ್ಳಾ? ರೂಲ್ಸು ರೂಲ್ಸೇ ಕಣಮ್ಮ." ಉಳಿದವರೂ ತಮ್ಮ ತಮ್ಮ ಫೋನು ತೆಗೆದರು. ಎಲ್ಲರ ಹತ್ತಿರವೂ ಸರ್ಟಿಫಿಕೇಟು ಇತ್ತು. ಎಲ್ಲರಿಗೂ ಮೂರು ತಿಂಗಳು ಆಗಬೇಕಿತ್ತು. ಒಬ್ಬ ಮಾತ್ರ, ಒಳ್ಳೆಯ ಹುಡುಗ, ದನಿ ತಗ್ಗಿಸಿ ಕೇಳಿದ: "ಬೇಜಾರಾಗ್ಬೇಡ ಅನಿತಾ. ನಮ್ಮೋರ ರಕ್ತ ನಿಮ್ಮೋರಿಗೆ ಮ್ಯಾಚ್ ಆಯ್ತದಾ?"

ಅವನೂ ಎಂ.ಕಾಂ. ಎರಡನೇ ವರ್ಷ. ಅನಿತಾಳಿಗೆ ಆ ಪಫ್ಪಿನ ತಟ್ಟೆಯನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಅವಳಿಗೆ ರಕ್ತ ಬೇಕಿತ್ತು.

ಪದ್ಮಲತಾ ಮೇಡಂ ಸ್ಟಾಫ್ ರೂಮಿನಲ್ಲಿ ಪಿಎಚ್.ಡಿ. ಬರೆಯುತ್ತಿದ್ದರು. ಹಳ್ಳಿಯ ಕೆಳವರ್ಗದವರು ರಕ್ತದಾನಕ್ಕೆ ಏಕೆ ಹಿಂಜರಿಯುತ್ತಾರೆ ಎಂಬ ಅಧ್ಯಾಯ ನಡೆಯುತ್ತಿತ್ತು. ಅನಿತಾ ಹೇಳಿದ್ದನ್ನೆಲ್ಲ ಪೆನ್ನು ಕೆಳಗಿಟ್ಟು ಕೇಳಿದರು.

"ಅಯ್ಯೋ ಪಾಪ. ನಿಂದು ಬಹಳ ಇಂಟರೆಸ್ಟಿಂಗ್ ಕೇಸಮ್ಮ. ನಿಮ್ಮ ಕಡೆ ಗಂಡಸರು ಕೊಡೋಕೆ ಹೆದರ್ತಾರಾ?"

"ಹೆದ್ರಲ್ಲ ಮೇಡಂ. ಅವ್ರ ಮೈಯಾಗೆ ರಕ್ತಾನೇ ಇಲ್ಲ."

ಮೇಡಂ ಅದನ್ನು ಬರೆದುಕೊಳ್ಳಲಿಲ್ಲ. ಅವರ ಮೂರು ಉತ್ತರಗಳಲ್ಲಿ ಅದು ಇರಲಿಲ್ಲ. "ನಾನೇ ಬರ್ತಿದ್ದೆ, ಆದ್ರೆ ನಂಗೆ ಬಿಪಿ" ಎಂದರು. ಬಾಗಿಲವರೆಗೆ ಬಂದು ಹೆಗಲ ಮೇಲೆ ಕೈ ಇಡಲು ಹೋಗಿ, ಇಡದೆ, ಮೆಲ್ಲಗೆ ಹೇಳಿದರು: "ಆ ಹತ್ತಿ ವಿಷಯ ಎಲ್ಲೂ ಎತ್ತಬೇಡ. ಕಾಲೇಜಿಗೆ ಅವಾರ್ಡ್ ಬರೋದಿದೆ."

ಬಸ್ ಸ್ಟ್ಯಾಂಡಿನಲ್ಲಿ ಅನಿತಾ ಒಬ್ಬಳೇ ನಿಂತಿದ್ದಳು. ಬರಿಗೈಯಲ್ಲಿ ಹೋಗಿ ಅಮ್ಮನ ಮುಖ ನೋಡುವುದು ಹೇಗೆ? ಪೆನುಕೊಂಡದ ಬಸ್ಸು ಹೊರಡುವ ಹೊತ್ತಿಗೆ ಏದುಸಿರು ಬಿಡುತ್ತಾ ದಯಾನಂದ್ ಹತ್ತಿದ.

"ಕ್ಲಾಸಾಗೆ ಹೇಳಿದ್ರು. ನನ್ನ್ಯಾಕೆ ಕೇಳ್ಲಿಲ್ಲ ನೀನು?"

"ನಿಂಗೆ ಭಯ ಅಲ್ವಾ?"

"ಭಯ ಐತೆ. ಭಯ ಇದ್ರೆ ಬರಬಾರ್ದಾ?"

ಅವನು ಅಪ್ಪನಿಗೆ ಪೆನುಕೊಂಡದ ಕಾರ್ ಫ್ಯಾಕ್ಟರಿಯಲ್ಲಿ ಇಂಟರ್‌ವ್ಯೂ ಎಂದು ಸುಳ್ಳು ಹೇಳಿ ಬಂದಿದ್ದ. ರಕ್ತ ಕೊಟ್ಟರೆ ಮಗ್ಗ ಹೊಡೆಯುವ ಕೈ ಸೋಲುತ್ತದೆ ಎಂದು ಅವರ ಮನೆಯಲ್ಲಿ ನಂಬಿಕೆ. ದಾರಿಯುದ್ದಕ್ಕೂ ಸೂಜಿ ಎಷ್ಟುದ್ದ ಇರುತ್ತದೆ ಎಂದು ಕೇಳಿದ. ಪೆನುಕೊಂಡದಲ್ಲಿ ಬಸ್ಸು ಬದಲಿಸುವಾಗ ಹಿಂದೂಪುರಕ್ಕೆ ಹೊರಟಿದ್ದ ಬಸ್ಸಿನ ಕಡೆ ತಿರುಗಿ ತಿರುಗಿ ನೋಡಿದ. ವಾಪಸ್ಸು ಹೋಗುತ್ತಾನೇನೋ ಎಂದುಕೊಂಡಳು ಅನಿತಾ. ಅವನು ಒಂದು ಸೋಡಾ ಕುಡಿದು ಕಲ್ಯಾಣದುರ್ಗದ ಬಸ್ಸು ಹತ್ತಿದ.

ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿಕೊಂಡು ಮಲಗಿದ. ನರ್ಸಿಗೆ ಮೊದಲ ಸಲ ನರ ಸಿಗಲಿಲ್ಲ. ಎರಡನೇ ಸಲ ಚುಚ್ಚಿದಾಗ "ಅಮ್ಮಾ" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದ. ಕಣ್ಣಲ್ಲಿ ನೀರು ಇಳಿಯಿತು. ಕೈ ಮಾತ್ರ ಕದಲಿಸಲಿಲ್ಲ. ಬಾಟಲಿ ತುಂಬಿತು. ಎದ್ದು ನಿಂತವನೇ ಕುಸಿದು ಬಿದ್ದ. ಕದಿರಣ್ಣ ಮುಖಕ್ಕೆ ನೀರು ಹಾಕಿದಾಗ ಕಣ್ಣು ಬಿಟ್ಟು, "ಆಯ್ತಾ?" ಎಂದ.

"ಆಯ್ತು ಕಣಪ್ಪ" ಎಂದ ಕದಿರಣ್ಣ.

ಗಂಗುಲಮ್ಮನ ಆಪರೇಷನ್ ಅಂದೇ ಆಯಿತು. ಮಾರನೆಯ ದಿನ ಕಣ್ಣು ಬಿಟ್ಟು ಹುಡುಗನನ್ನು ನೋಡಿದಳು. ಸುಸ್ತು ಎಂದು ಅವನು ಆಸ್ಪತ್ರೆಯ ಜಗಲಿಯಲ್ಲೇ ಉಳಿದುಕೊಂಡಿದ್ದ.

"ಯಾರ ಮಗನಪ್ಪ ನೀನು?"

"ಹಿಂದೂಪುರದ ಆದಿನಾರಾಯಣನ ಮಗ ಕಣಮ್ಮ. ಮಗ್ಗದೋರು."

ಗಂಗುಲಮ್ಮ ತಮ್ಮನ ಕಡೆ ನೋಡಿದಳು. "ಕದಿರಾ, ಮಗೀಗೆ ಹೋಟ್ಲಿಂದ ಏನಾನ ತಂದ್ಕೊಡೋ. ನಮ್ಮನೇದು ಉಣ್ತಾನೋ ಇಲ್ವೋ."

"ಹಸಿವಾಯ್ತೈತೆ" ಎಂದ ದಯಾನಂದ್. ಕದಿರಣ್ಣನ ಬುತ್ತಿ ಎಳೆದುಕೊಂಡು ರಾಗಿಮುದ್ದೆ ಮುರಿದ. ಚುಚ್ಚಿದ ತೋಳು ಮೊಣಕೈಯಿಂದ ಮೇಲಕ್ಕೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಎಡಗೈಯಲ್ಲಿ ಅದನ್ನು ಒತ್ತಿಕೊಳ್ಳುತ್ತಾ ಉಂಡ. ಗಂಗುಲಮ್ಮ ಮುಖ ಗೋಡೆಗೆ ತಿರುಗಿಸಿ ಅತ್ತಳು.

ಅನಿತಾ ಹಿಂದೂಪುರಕ್ಕೆ ಹಿಂತಿರುಗಿದಾಗ ಅವಾರ್ಡು ಬಂದಿತ್ತು. ಆದರ್ಶ ರಕ್ತದಾನಿ ಕಾಲೇಜು. ಸಮಾರಂಭಕ್ಕೆ ಯಾರೋ ದೊಡ್ಡ ನಾಯಕರು ಬರುವವರಿದ್ದರು. ಶೋಭೆಗೆಂದು ರಕ್ತದ ವ್ಯಾನನ್ನೂ ಕರೆಸಿದ್ದರು. ಮೇಡಂ ಅನಿತಾಳನ್ನು ಪಕ್ಕಕ್ಕೆ ಕರೆದರು.

"ನಮ್ಮ ಕಾಲೇಜಿನ ರಕ್ತ ನಿಮ್ಮ ಅಮ್ಮನ್ನ ಉಳಿಸ್ತಲ್ಲ. ವೇದಿಕೆ ಮೇಲೆ ಎರಡು ಮಾತು ಹೇಳು. ಅತ್ತರೂ ಪರ್ವಾಗಿಲ್ಲ."

"ಕೊಟ್ಟಿದ್ದು ದಯಾನಂದ್ ಮೇಡಂ."

"ಅವನು ನಮ್ಮ ಕಾಲೇಜೇ ತಾನೆ? ಕಾಲೇಜು ಕೊಟ್ಟ ಹಾಗೇ."

"ಹಂಗಾದ್ರೆ ಅವ್ನೂ ವೇದಿಕೆ ಮೇಲೆ ಇರ್ತಾನಾ?"

"ಅದು ಹೇಗಾಗುತ್ತಮ್ಮ? ಅವನು ಶಿಬಿರದಲ್ಲಿ ಕೊಟ್ಟಿಲ್ಲ. ಸರ್ಟಿಫಿಕೇಟ್ ಇಲ್ಲ." ಮೇಡಂ ಟೇಪಿನ ಹೊಸ ಸುರುಳಿಯನ್ನೂ ಹತ್ತಿಯ ತಟ್ಟೆಯನ್ನೂ ಅವಳ ಕೈಗಿಟ್ಟರು. "ಫೋಟೊದಲ್ಲಿ ಚೆನ್ನಾಗಿ ಕಾಣಲಿ, ದಾನಿಗಳಿಗೆಲ್ಲ ಇನ್ನೊಂದು ಸಲ ಹತ್ತಿ ಅಂಟಿಸಿಬಿಡು. ಹಾಸ್ಟೆಲ್ ಸೀಟು, ಇಂಟರ್ನಲ್ ಮಾರ್ಕ್ಸು ಎಲ್ಲಾ ನೆನಪಿರ್ಲಿ."

ದಾನಿಗಳು ವೇದಿಕೆಯ ಮೇಲೆ ತೋಳು ಮಡಿಸಿ ಸಾಲಾಗಿ ನಿಂತಿದ್ದರು. ಮೊದಲು ಹರಿಕೃಷ್ಣ. ನಾಯಕರು ಹೂವಿನ ಹಾರದೊಳಗಿಂದ ನೋಡುತ್ತಿದ್ದರು. ಅನಿತಾ ಹರಿಕೃಷ್ಣನ ತೋಳು ಹಿಡಿದಳು. ದುಂಡಗಿನ, ಎಣ್ಣೆ ಹಚ್ಚಿದಂತೆ ಹೊಳೆಯುವ ತೋಳು. ಬೆಳಕಿಗೆ ತಿರುಗಿಸಿ ನೋಡಿದಳು. ರಕ್ತ ಇಳಿದ ಅಮ್ಮನ ಕಾಲು ಕಣ್ಣ ಮುಂದೆ ಬಂತು. ಆ ಬದನೆಕಾಯಿ ಬಣ್ಣದ ತೋಳು ಕಣ್ಣ ಮುಂದೆ ಬಂತು.

"ಎಲ್ಲಿ?"

"ಏನು ಎಲ್ಲಿ?"

"ತೂತು. ಸೂಜಿ ಚುಚ್ಚಿದ ತೂತು ತೋರ್ಸು ಹರಿಕೃಷ್ಣ. ಅಲ್ಲಿಗೆ ಅಂಟಿಸ್ತೀನಿ."

ಅಣ್ಣ ಎನ್ನಲಿಲ್ಲ. ಹರಿಕೃಷ್ಣ ಕೈ ಎಳೆದುಕೊಂಡ. ಮೇಡಂ ಹಲ್ಲು ಕಚ್ಚಿ ಪಿಸುಗುಟ್ಟಿದರು: "ಅನಿತಾ, ಸೀನ್ ಚೇಯೊದ್ದು. ರಂಪ ಮಾಡ್ಬೇಡ."

"ಅವತ್ತು ಅಂಟಿಸ್ದೆ ಮೇಡಂ. ಇವ್ರ ಒಂದು ತೋಳಾಗೂ ತೂತಿರ್ಲಿಲ್ಲ. ಇವತ್ತು ಅಂಟಿಸಾಕಿಲ್ಲ." ಪಕ್ಕದಲ್ಲಿದ್ದ ಮೈಕು ಅವಳ ದನಿಯನ್ನು ಹಾಲಿಗೆಲ್ಲ ಕೇಳಿಸಿತು. "ನಮ್ಮಮ್ಮಂಗೆ ಒಂದ್ ಬಾಟ್ಲಿ ಬೇಕಾದಾಗ ಇವ್ರೆಲ್ಲಾ ಸರ್ಟಿಫಿಕೇಟ್ ತೋರ್ಸಿದ್ರು. ಪುಕ್ಕಲ ಅಂತ ನೀವು ನಗಾಡಿದೋನು ಬಂದು ಕೊಟ್ಟ. ಅಲ್ಲಿ ಕೊನೇ ಸಾಲಾಗೆ ಕುಂತವ್ನೆ."

ನಾಯಕರಿಗೆ ಪೂರ್ತಿ ಅರ್ಥವಾಗಲಿಲ್ಲ. ಹುಡುಗರು ಕೊಟ್ಟಿಲ್ಲ ಎಂಬಷ್ಟು ಅರ್ಥವಾಯಿತು. ಅವರು ಸಮಸ್ಯೆಗಳನ್ನು ನಿಂತಲ್ಲೇ ಬಗೆಹರಿಸಿ ಹೆಸರಾದವರು.

"ಅದಕ್ಕೇನಂತೆ! ವ್ಯಾನು ಬಂದೈತಲ್ಲ. ಈಗ್ಲೇ ಕೊಟ್ಬುಡ್ಲಿ, ಎಲ್ಲಾ ಗಟ್ಟಿಮುಟ್ಟಾದ ಹುಡುಗ್ರು."

ಬಾಗಿಲಲ್ಲಿ ನಿಂತಿದ್ದ ವ್ಯಾನಿನ ಟೆಕ್ನೀಷಿಯನ್ ಉತ್ಸಾಹದಿಂದ ಕೈ ಎತ್ತಿದ. "ಮೊದ್ಲು ನೀವೇ ಬನ್ನಿ ಸಾರ್. ನಿಮ್ಮನ್ನ ನೋಡಿ ಎಲ್ಲಾರೂ ಬತ್ತಾರೆ."

ನಾಯಕರಿಗೆ ತಟ್ಟನೆ ತಮ್ಮ ಶುಗರು ನೆನಪಾಯಿತು. ಪೆನುಕೊಂಡದ ಇನ್ನೊಂದು ಸಮಾರಂಭವೂ ನೆನಪಾಯಿತು. ಅವರು ಎದ್ದು ಹೊರಟರು, ಹಿಂದೆ ಪ್ರಿನ್ಸಿಪಾಲರು ಓಡಿದರು. ಸಾಲಿನಲ್ಲಿದ್ದವರು ಮಡಿಸಿದ ತೋಳನ್ನು ಒಬ್ಬೊಬ್ಬರಾಗಿ ಇಳಿಸಿಕೊಂಡರು. ಒಬ್ಬನಿಗೆ ಬಸ್ಸಿಗೆ ಹೊತ್ತಾಗಿತ್ತು, ಒಬ್ಬನಿಗೆ ಫೋನು ಬಂದಿತ್ತು. ಹರಿಕೃಷ್ಣ ವೇದಿಕೆಯ ಹಿಂಬಾಗಿಲಿಂದ ಇಳಿದ. ವೇದಿಕೆಯ ಮೇಲೆ ಹಾರದ ಹೂವು, ಫಲಕ, ಮೇಡಂ, ಅನಿತಾ ಉಳಿದರು.

"ಹೊರಗೆ ಹೋಗು" ಎಂದರು ಮೇಡಂ. "ನಾಳೆಯಿಂದ ಹಾಸ್ಟೆಲಲ್ಲಿ ಹೇಗಿರ್ತೀಯೋ ನಾನೂ ನೋಡ್ತೀನಿ. ಆ ಟೇಪು ಅಲ್ಲಿಟ್ಟು ಹೋಗು."

ಅನಿತಾ ಹತ್ತಿಯ ತಟ್ಟೆಯನ್ನು ಎತ್ತಿ ಬ್ಯಾಗಿನೊಳಗೆ ಬಗ್ಗಿಸಿಕೊಂಡಳು. ಟೇಪಿನ ಸುರುಳಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ಇದನ್ನ ಇಡಾಕಿಲ್ಲ ಮೇಡಂ. ತಗೊಂಡ್ ಹೋಯ್ತೀನಿ. ನಮ್ಮಮ್ಮಂಗೆ ಗಾಯ ಐತೆ."